ಯಾರೂ ಪರೀಕ್ಷೆ ಮಾಡದ ಸ್ನಾಯು

(ರಾಯಚೂರಿನಲ್ಲಿ ಹೆಣ್ಣುಮಕ್ಕಳ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಬರೆದುಕೊಡಿ ಎಂದು ಹಲವರು ಕೇಳಿದರು. ಮಾತಿನ ಧಾಟಿ ಆದಷ್ಟು ಹಾಗೇ ಇಟ್ಟಿದ್ದೇನೆ. ಆಮೇಲೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಅಕ್ಕಂದಿರೇ, ಅವ್ವಂದಿರೇ, ಹಿಂದಿನ ಸಾಲಿನಲ್ಲಿ ಕುಳಿತಿರುವ ಇಬ್ಬರು ಅಣ್ಣಂದಿರೇ, ಎಲ್ಲರಿಗೂ ನಮಸ್ಕಾರ.

ನಾನು ಡಾಕ್ಟರ್ ಅಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರ್. 11 ವರ್ಷದಿಂದ ನನಗೆ ಡರ್ಮಟೊಮಯೋಸೈಟಿಸ್ ಎನ್ನುವ ಕಾಯಿಲೆ ಇದೆ. ಇವತ್ತು ಮಾತಾಡುವುದು ಆ ಕಾಯಿಲೆಯ ಬಗ್ಗೆ, ಅದರಲ್ಲೂ ನಾನು ನಾಲ್ಕು ವರ್ಷ ಯಾರ ಮುಂದೆಯೂ ಬಾಯಿ ಬಿಡದ ವಿಷಯದ ಬಗ್ಗೆ. ಒಂದಕ್ಕೆ ಹೋಗುವ ತೊಂದರೆ, ಮುಟ್ಟಿನ ಜಾಗದ ತೊಂದರೆ, ಗಂಡ ಹೆಂಡತಿ ನಡುವಿನ ತೊಂದರೆ. ಮೈಕಿನಲ್ಲಿ ಇದನ್ನು ಹೇಳುವಾಗ ನನಗೂ ಎದೆ ಹೊಡೆದುಕೊಳ್ಳುತ್ತಿದೆ. ಆದರೂ ಹೇಳುತ್ತೇನೆ.

ಕಾಯಿಲೆ ಏನು ಅಂತ ಮೊದಲು ತಿಳಿದುಕೊಳ್ಳೋಣ. ಮಯೋಸೈಟಿಸ್ ಎಂದರೆ ಸ್ನಾಯುಗಳ ಉರಿಯೂತ. ಹೊರಗಿನ ರೋಗಾಣುಗಳಿಂದ ನಮ್ಮನ್ನು ಕಾಯಬೇಕಾದ ಶಕ್ತಿ ದಾರಿ ತಪ್ಪಿ ನಮ್ಮ ಸ್ನಾಯುಗಳ ಮೇಲೆಯೇ ಬೀಳುತ್ತದೆ. ಚರ್ಮಕ್ಕೂ ಬಂದರೆ ಅದು ಡರ್ಮಟೊಮಯೋಸೈಟಿಸ್. ಕಣ್ಣಿನ ರೆಪ್ಪೆ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಬೆರಳ ಗೆಣ್ಣುಗಳ ಮೇಲೆ ಕೆಂಪು ಕಲೆ ಏಳುತ್ತವೆ. ಬಿಸಿಲಿಗೆ ಹೋದರೆ ಜಾಸ್ತಿ. ರಾಯಚೂರಿನ ಬಿಸಿಲು ನಿಮಗೆ ಗೊತ್ತೇ ಇದೆ. 2022ರಲ್ಲಿ ನಟಿ ಸಮಂತಾ ತಮಗೆ ಮಯೋಸೈಟಿಸ್ ಇದೆ ಎಂದು ಹೇಳಿಕೊಂಡರು. ನಮ್ಮ ಕಡೆ ತೆಲುಗು ಸಿನಿಮಾ ನೋಡುವವರು ಬಹಳ. ಆಮೇಲಿಂದ ನಾನು ಕಾಯಿಲೆ ಹೆಸರು ಹೇಳಿದರೆ "ಸಮಂತಾಗ ಬಂದದ್ದಾ ಟೀಚರ್?" ಎಂದು ಕೇಳುತ್ತಾರೆ. ಹೌದು, ಅದೇ ಗುಂಪಿನ ಕಾಯಿಲೆ. ಇದು ಅಂಟುವ ರೋಗ ಅಲ್ಲ. ನನ್ನ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ, ನನ್ನ ಪಕ್ಕ ಮಲಗಿದರೂ ಬರುವುದಿಲ್ಲ.

ಈ ಕಾಯಿಲೆ ಬೆರಳ ತುದಿಯಿಂದ ಶುರುವಾಗುವುದಿಲ್ಲ. ಮೈಯ ನಡುಭಾಗಕ್ಕೆ ಹತ್ತಿರ ಇರುವ ದೊಡ್ಡ ಸ್ನಾಯುಗಳನ್ನು ಮೊದಲು ಹಿಡಿಯುತ್ತದೆ. ಭುಜ, ಸೊಂಟ, ತೊಡೆ. ತಲೆ ಬಾಚಲು ಕೈ ಎತ್ತುವುದು ಕಷ್ಟ. ಮೆಟ್ಟಿಲು ಹತ್ತುವುದು ಕಷ್ಟ. ಕೆಲವರಿಗೆ ಅನ್ನ ನುಂಗುವುದೂ ಕಷ್ಟ. ನನಗೆ ಮೊದಲು ಗೊತ್ತಾಗಿದ್ದು ಪಾಯಖಾನೆಯಲ್ಲಿ. ನಮ್ಮದು ಕುಕ್ಕರಗಾಲಲ್ಲಿ ಕೂರುವ ಪಾಯಖಾನೆ. ಕೂರುವುದು ಸಲೀಸು, ಏಳುವುದು ಆಗುತ್ತಿರಲಿಲ್ಲ. ಮೊದಮೊದಲು ಮೊಣಕಾಲ ಮೇಲೆ ಕೈ ಊರಿ ಎದ್ದೆ. ಆಮೇಲೆ ಗೋಡೆ ಹಿಡಿದೆ. ಆಮೇಲೆ ನಳ ಹಿಡಿದು ಮೈಯನ್ನು ಮೇಲಕ್ಕೆ ಎಳೆದುಕೊಳ್ಳತೊಡಗಿದೆ. ಒಂದು ದಿನ ಬೆಳಿಗ್ಗೆ ಆ ನಳ ಕಿತ್ತು ಕೈಗೇ ಬಂತು. ನೀರು ಮುಖಕ್ಕೆ ಚಿಮ್ಮುತ್ತಿದೆ, ನಾನು ಗೋಡೆಗೆ ಒರಗಿ ಕೂತಿದ್ದೇನೆ, ಏಳಲು ಆಗುತ್ತಿಲ್ಲ, ಕೂಗಲು ನಾಚಿಕೆ. ಅತ್ತೆ ಬಾಗಿಲು ಬಡಿದು "ಏನಾತವ್ವಾ?" ಎಂದರು. ಅವತ್ತೇ ಆಸ್ಪತ್ರೆಗೆ ಹೋದದ್ದು.

ರಕ್ತದಲ್ಲಿ ಸಿಕೆ ಅಂತ ಒಂದು ಪರೀಕ್ಷೆ ಮಾಡುತ್ತಾರೆ. ಸ್ನಾಯು ಹಾಳಾದಾಗ ಅದರೊಳಗಿನ ಈ ಅಂಶ ರಕ್ತಕ್ಕೆ ಸೋರುತ್ತದೆ. ನನಗದು ಬಹಳ ಜಾಸ್ತಿ ಬಂತು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಶುರುವಾಯಿತು. ಜೊತೆಗೆ ವಾರಕ್ಕೊಂದು ಸಲ, ದಾರಿ ತಪ್ಪಿದ ಆ ಶಕ್ತಿಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್ ಎಂಬ ಔಷಧಿ. ನಿಧಾನವಾಗಿ ಕೈಕಾಲಿಗೆ ಬಲ ಬಂತು. ಎಲ್ಲರೂ "ಆರಾಮ್ ಆದ್ರಿ" ಎಂದರು. ನಾನೂ ಹೂಂ ಎಂದೆ.

ಆರಾಮ್ ಆಗಿರಲಿಲ್ಲ. ಪಕ್ಕದ ಮನೆಯಲ್ಲಿ ಮೆಣಸಿನಕಾಯಿ ಹುರಿದ ಘಾಟಿಗೆ ಕೆಮ್ಮು ಬಂದರೆ ಒಳಗೆ ಒದ್ದೆ. ಸೀನಿದರೆ ಒದ್ದೆ. ನಗುವುದನ್ನೇ ಬಿಟ್ಟೆ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಎರಡು ಕಾಲು ಜೋಡಿಸಿ ಬಿಗಿಯಾಗಿ ನಿಲ್ಲುತ್ತಿದ್ದೆ. ಬಣ್ಣ ಬಣ್ಣದ ಕಾಟನ್ ಸೀರೆ ಬಿಟ್ಟು ಒದ್ದೆ ಕಾಣದ ಕಪ್ಪು, ಕಂದು ಸೀರೆ ಉಡತೊಡಗಿದೆ. ಸಹೋದ್ಯೋಗಿಗಳು "ಯಾಕ ಟೀಚರ್, ಈಗೀಗ ಬರೇ ಕಪ್ಪು ಸೀರಿ?" ಎಂದು ಕೇಳುತ್ತಿದ್ದರು.

ಇದಕ್ಕೂ ಕಾಯಿಲೆಗೂ ಸಂಬಂಧ ಇರಬಹುದು ಅಂತ ನನಗೆ ಹೊಳೆಯಲೇ ಇಲ್ಲ. ನೋಡಿ, ನಾನು ಮಕ್ಕಳಿಗೆ ಸ್ನಾಯುಗಳ ಪಾಠ ಮಾಡುವವಳು! ಒಬ್ಬ ಡಾಕ್ಟರ್ ಹತ್ತಿರ ಒಮ್ಮೆ ಅರ್ಧಂಬರ್ಧ ಹೇಳಿದೆ. "ಎರಡು ಹೆರಿಗೆ ಆಗಿದೆ, ವಯಸ್ಸೂ ಆಯ್ತು, ಇದೆಲ್ಲ ಇದ್ದದ್ದೇ" ಎಂದು ಅವರು ಮುಂದಿನ ಚೀಟಿ ತೆಗೆದುಕೊಂಡರು. ಆಗ ನನಗೆ 43 ವರ್ಷ.

ಸಂಬಂಧ ಎಲ್ಲಿದೆ ಅಂತ ಹೇಳುತ್ತೇನೆ. ಕೂಸಿಗೆ ಸೀರೆಯಲ್ಲಿ ಜೋಳಿಗೆ ಕಟ್ಟುತ್ತೇವಲ್ಲ, ಹಾಗೆ ಸೊಂಟದ ಎಲುಬಿನ ತಳದಲ್ಲಿ ಮುಂದಿನಿಂದ ಹಿಂದಕ್ಕೆ ಸ್ನಾಯುಗಳ ಒಂದು ಜೋಳಿಗೆ ಕಟ್ಟಿದೆ. ಮೂತ್ರಚೀಲ, ಗರ್ಭಕೋಶ, ಗುದದ ಭಾಗ ಎಲ್ಲ ಅದರ ಮೇಲೆ ಕೂತಿವೆ. ಮೂತ್ರ, ಮಲ ತಡೆದು ಹಿಡಿಯುವುದರಲ್ಲಿ ಅದರ ಪಾಲು ದೊಡ್ಡದು. ಇನ್ನು ಮೂತ್ರಚೀಲದ ಗೋಡೆಯೂ ಸ್ನಾಯುವೇ, ಆದರೆ ಅದು ಬೇರೆ ಜಾತಿಯದು. ನಮ್ಮ ಇಚ್ಛೆಗೆ ಕಾಯದೆ ತಾನಾಗಿ ಕೆಲಸ ಮಾಡುವ ಸ್ನಾಯು. ಮಯೋಸೈಟಿಸ್ ಸಾಮಾನ್ಯವಾಗಿ ಅದರ ತಂಟೆಗೆ ಹೋಗುವುದಿಲ್ಲ. ಕೆಳಗಿನ ಜೋಳಿಗೆ ಮಾತ್ರ ತೊಡೆ, ಭುಜದ ಸ್ನಾಯುಗಳ ಜಾತಿಗೇ ಸೇರಿದ್ದು. ಅಂದರೆ ಚೀಲ ಗಟ್ಟಿ ಇದ್ದರೂ ಬಾಗಿಲು ಸಡಿಲ ಆಗಬಹುದು.

ಈಗ ಇನ್ನೊಂದು ಮಾತು. ಮಯೋಸೈಟಿಸ್ ತಜ್ಞರ ಹತ್ತಿರ ಹೋದರೆ ಕೈಯಿಂದಲೇ ಸ್ನಾಯುಗಳ ಬಲ ನೋಡುತ್ತಾರೆ. ಅದಕ್ಕೊಂದು ಪದ್ಧತಿ ಇದೆ. 8 ಸ್ನಾಯು ಗುಂಪುಗಳು. ಕತ್ತು, ಭುಜ, ತೋಳು, ಮಣಿಕಟ್ಟು, ಕುಂಡಿಯ ಎರಡು ಸ್ನಾಯು, ತೊಡೆ, ಪಾದ. ಒಂದೊಂದಕ್ಕೂ 10ಕ್ಕೆ ಇಷ್ಟು ಅಂತ ಅಂಕ. ನನಗೆ ಒಂದು ಸಲ 80ಕ್ಕೆ 74 ಬಂತು. ಡಾಕ್ಟರ್ ಖುಷಿಪಟ್ಟರು. ನಾನು ಟೀಚರ್, ಅಂಕ ಅಂದರೆ ನನಗೂ ಖುಷಿಯೇ. ಆದರೆ ಆ ಕುರ್ಚಿಯಲ್ಲಿ ಕೂತಾಗಲೂ ನನ್ನ ಲಂಗ ಒದ್ದೆ ಇತ್ತು. ಆ 8ರಲ್ಲಿ ಜೋಳಿಗೆಯ ಸ್ನಾಯು ಇಲ್ಲ. ಅದನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ, ಅದರ ಬಗ್ಗೆ ಕೇಳುವುದೂ ಅಪರೂಪ. ಡಾಕ್ಟರ್ ಕೇಳದ್ದನ್ನು ನಾವು ಹೇಳುವುದಿಲ್ಲ, ನಾವು ಹೇಳದ್ದನ್ನು ಅವರು ಬರೆದುಕೊಳ್ಳುವುದಿಲ್ಲ. ನಾಲ್ಕು ವರ್ಷ ನನ್ನ ಫೈಲಿನಲ್ಲಿ ಇದರ ಬಗ್ಗೆ ಒಂದಕ್ಷರ ಇರಲಿಲ್ಲ.

ಎಲ್ಲ ಸೋರಿಕೆಗೂ ಈ ಕಾಯಿಲೆಯೇ ಕಾರಣ ಅಂತ ನಾನು ಹೇಳುತ್ತಿಲ್ಲ. ಹೆರಿಗೆಯಿಂದ, ಮುಟ್ಟು ನಿಂತ ಮೇಲೆ, ತೂಕ ಹೆಚ್ಚಾದರೂ ಹೀಗಾಗುತ್ತದೆ. ನಮ್ಮಂಥವರಿಗೆ ಅದರ ಮೇಲೆ ಇನ್ನೂ ಹಲವು ಸೇರಿಕೊಳ್ಳುತ್ತವೆ. ಬಾಗಿಲು ಗಟ್ಟಿ ಇದ್ದರೂ ಕಾಲು ಓಡುವುದಿಲ್ಲ. ಅವಸರ ಆದಾಗ ಮಂಚದಿಂದ ಎದ್ದು ಬಚ್ಚಲು ಮುಟ್ಟುವುದರೊಳಗೆ ಕೆಲಸ ಕೆಟ್ಟಿರುತ್ತದೆ. ಈ ಕಾಯಿಲೆ ಕೆಲವರಿಗೆ ಪುಪ್ಪುಸಕ್ಕೂ ಬರುತ್ತದೆ, ಒಣ ಕೆಮ್ಮು ಬಿಡುವುದಿಲ್ಲ. ಪ್ರತಿ ಕೆಮ್ಮಿಗೂ ಒಂದು ಹನಿ. ಸ್ಟೀರಾಯ್ಡ್‌ನಿಂದ ಸಕ್ಕರೆ ಏರಿದರೆ ರಾತ್ರಿ ನಾಲ್ಕೈದು ಸಲ ಏಳಬೇಕಾಗುತ್ತದೆ. ಮಲಬದ್ಧತೆ ಇದ್ದರೆ ಅದೂ ಮೂತ್ರಚೀಲವನ್ನು ಒತ್ತುತ್ತದೆ. ನನಗೆ ಇದರಲ್ಲಿ ಮೂರು ಇದ್ದವು. ಸಕ್ಕರೆ ಹತೋಟಿಗೆ ಬಂದಾಗಲೇ ರಾತ್ರಿಯ ಅರ್ಧ ತೊಂದರೆ ಹೋಯಿತು. ಅದಕ್ಕೇ ಎಲ್ಲವನ್ನೂ ಬಿಚ್ಚಿ ಹೇಳಬೇಕು. ಯಾವುದು ಎಲ್ಲಿಂದ ಬಂತು ಅಂತ ನೋಡುವವರು ನೋಡಲಿ.

ನೀರಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕಂದರೆ ನಮ್ಮೆಲ್ಲರ ತಪ್ಪು ಇಲ್ಲೇ ಇದೆ. ನಾನು ತೋರಿಸಿಕೊಳ್ಳುವುದು ಹೈದರಾಬಾದಿನಲ್ಲಿ. ಸುಮಾರು 200 ಕಿಲೋಮೀಟರ್. ದಾರಿಯಲ್ಲಿ ಒಂದಕ್ಕೆ ಹೋಗಬೇಕಾಗಬಾರದು ಅಂತ ಹಿಂದಿನ ರಾತ್ರಿಯಿಂದಲೇ ನೀರು ಬಿಡುತ್ತಿದ್ದೆ. ತುಟಿ ಒಣಗಿ ಬಿರಿದಿರುತ್ತಿತ್ತು. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವ ನೀವೂ ಹೀಗೇ ಮಾಡುತ್ತೀರಿ, ಅಲ್ವಾ? ಹೊಲದಲ್ಲಿ ಮರೆ ಇಲ್ಲ, ಗಂಡಸರು ಓಡಾಡುತ್ತಾರೆ, ಅದಕ್ಕೆ ಬೆಳಿಗ್ಗೆ ಒಂದು ಲೋಟ ಚಹಾ ಕುಡಿದು ಸಂಜೆತನಕ ತಡೆಯುವುದು. 40 ಡಿಗ್ರಿ ದಾಟುವ ಬಿಸಿಲಲ್ಲಿ! ನೀರು ಬಿಟ್ಟರೆ ಸೋರಿಕೆ ನಿಲ್ಲುವುದಿಲ್ಲ. ಮೂತ್ರ ಗಟ್ಟಿಯಾಗಿ ಚೀಲವನ್ನು ಕೆರಳಿಸುತ್ತದೆ, ಇನ್ನಷ್ಟು ಅವಸರ ಆಗುತ್ತದೆ. ಉರಿಮೂತ್ರ ಶುರುವಾಗುತ್ತದೆ. ಕಲ್ಲು ಕಟ್ಟುತ್ತದೆ. ಸ್ಟೀರಾಯ್ಡ್, ಮೆಥೊಟ್ರೆಕ್ಸೇಟ್ ತಗೊಳ್ಳುವವರಿಗೆ ಸೋಂಕು ಬೇಗ ಹತ್ತುತ್ತದೆ. ಮೇಲಾಗಿ ಸ್ಟೀರಾಯ್ಡ್ ಜ್ವರವನ್ನು ಮುಚ್ಚಿಬಿಡುತ್ತದೆ. ಮೈ ಬಿಸಿ ಇಲ್ಲ ಅಂತ ಸುಮ್ನೆ ಕೂತರೆ ಸೋಂಕು ಕಿಡ್ನಿ ತನಕ ಹೋಗಬಹುದು.

ನಾನೀಗ ನೀರನ್ನು ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಯುತ್ತೇನೆ. ಮಲಗುವ ಎರಡು ತಾಸು ಮುಂಚೆ ಕಡಿಮೆ ಮಾಡುತ್ತೇನೆ. ಚಹಾ ಎರಡೇ ಸಲ. ಕಿಡ್ನಿ, ಹೃದಯದ ತೊಂದರೆ ಇದ್ದು ನೀರು ಅಳೆದು ಕುಡಿ ಅಂತ ಡಾಕ್ಟರ್ ಹೇಳಿದ್ದರೆ ಅವರ ಮಾತೇ ಕೇಳಿ.

ಒಂದಕ್ಕೆ ಹೋದಾಗ ಬಣ್ಣ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹಾಲು ಹಾಕದ ಚಹಾದ ಡಿಕಾಕ್ಷನ್ ತರ ಕಪ್ಪಗೆ ಹೋಗುತ್ತಿದೆ, ಜೊತೆಗೆ ಸ್ನಾಯುಗಳು ವಿಪರೀತ ನೋಯುತ್ತಿವೆ, ಕೈಕಾಲು ಸೋತಿವೆ ಅಂದರೆ ಅದು "ಉಷ್ಣ ಆಗೇದ" ಎಂದು ಬಿಡುವ ವಿಷಯ ಅಲ್ಲ. ಸ್ನಾಯು ಜೋರಾಗಿ ಒಡೆದಾಗ ಅದರ ಮಯೋಗ್ಲೋಬಿನ್ ಎಂಬ ಕೆಂಪು ಅಂಶ ಮೂತ್ರದಲ್ಲಿ ಹೋಗುತ್ತದೆ. ಕಿಡ್ನಿಗೆ ಅಪಾಯ. ಮೂತ್ರ ಪರೀಕ್ಷೆಯ ಪಟ್ಟಿಯಲ್ಲಿ ರಕ್ತ ಇದೆ ಅಂತ ಬರುತ್ತದೆ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಕ್ತಕಣ ಇರುವುದಿಲ್ಲ. ಮೊಸರು ಮಜ್ಜಿಗೆ ಕುಡಿದು ಎರಡು ದಿನ ನೋಡೋಣ ಅನ್ನಬೇಡಿ. ಅದೇ ದಿನ ಹೋಗಿ. ಸೈಕ್ಲೊಫಾಸ್ಫಮೈಡ್ ಎಂಬ ಔಷಧಿ ತಗೊಳ್ಳುವವರಿಗೆ ಮೂತ್ರದಲ್ಲಿ ನಿಜವಾದ ರಕ್ತವೇ ಬರಬಹುದು, ಅದನ್ನೂ ತಕ್ಷಣ ಹೇಳಬೇಕು.

ಮೆಡಿಕಲ್ ಶಾಪಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಉರಿಮೂತ್ರ ಅಂದರೆ ನಮ್ಮಲ್ಲಿ ನೇರವಾಗಿ ಅಂಗಡಿಗೆ ಹೋಗಿ ಗುಳಿಗೆ ಕೇಳುತ್ತೇವೆ. ಕೋಟ್ರೈಮಾಕ್ಸಜೋಲ್ ಅಂತ ಒಂದು ಗುಳಿಗೆ ಇದೆ. ಎಷ್ಟೋ ಜನರಿಗೆ ಅದು ಒಳ್ಳೆಯ ಔಷಧಿ. ಆದರೆ ಮೆಥೊಟ್ರೆಕ್ಸೇಟ್ ಜೊತೆ ಸೇರಿದರೆ ರಕ್ತ ತಯಾರಾಗುವ ಎಲುಬಿನ ಮಜ್ಜೆಯನ್ನೇ ಹೊಡೆಯಬಹುದು, ಜೀವಕ್ಕೂ ಅಪಾಯ ಆಗಬಹುದು. ಮೈಯಸ್ತೇನಿಯಾ ಗ್ರೇವಿಸ್ ಅಂತ ಸ್ನಾಯುಗಳು ಸೋಲುವ ಇನ್ನೊಂದು ಕಾಯಿಲೆ ಇದೆ. ಕಣ್ಣಿನ ರೆಪ್ಪೆ ಜೋತುಬೀಳುತ್ತದೆ, ಸಂಜೆ ಆದಂತೆ ಬಲ ಕುಗ್ಗುತ್ತದೆ. ಅದು ಇದ್ದವರಿಗೆ ಉರಿಮೂತ್ರಕ್ಕೆ ಕೊಡುವ ಸಿಪ್ರೊಫ್ಲಾಕ್ಸಸಿನ್, ನಾರ್‌ಫ್ಲಾಕ್ಸಸಿನ್ ಗುಳಿಗೆಗಳಿಂದ ಸ್ನಾಯುಗಳ ಸುಸ್ತು ಇನ್ನಷ್ಟು ಹೆಚ್ಚಾಗಬಹುದು. ನಿಮ್ಮ ಗುಳಿಗೆಗಳ ಚೀಟಿ ಪರ್ಸಿನಲ್ಲಿ ಇಟ್ಟುಕೊಳ್ಳಿ. ಹೊಸ ಗುಳಿಗೆ ಯಾರೇ ಕೊಡಲಿ, ಮೊದಲು ಅದನ್ನು ತೋರಿಸಿ.

ಇನ್ನು ಗಂಡ ಹೆಂಡತಿ ವಿಷಯ. (ಇಲ್ಲಿ ಸಭೆ ಪೂರ್ತಿ ಸುಮ್ಮನಾಯಿತು.)

ಕಾಯಿಲೆ ಬಂದ ಮೇಲೆ ಕೂಡುವುದು ನನಗೆ ಬೇಡವಾಯಿತು. ತೊಡೆ ಅಗಲಿಸಿದರೆ ನೋವು. ಒಳಗೆ ಒಣಗಿ ಉರಿ. ಸ್ಟೀರಾಯ್ಡ್‌ನಿಂದ ಆ ಜಾಗದಲ್ಲಿ ಬೂಸ್ಟು ಸೋಂಕು ಆಗುತ್ತಿತ್ತು. ತುರಿಕೆ, ಮೊಸರಿನ ಹಾಗೆ ಬಿಳಿ ಹೋಗುವುದು. ಮುಖ ಊದಿತ್ತು, ಎದೆ ಮೇಲೆಲ್ಲ ಕೆಂಪು ಕಲೆ. ಕನ್ನಡಿಯಲ್ಲಿ ಕಾಣುವವಳು ನಾನಲ್ಲ ಅನ್ನಿಸುತ್ತಿತ್ತು. ಎಲ್ಲಕ್ಕಿಂತ ದೊಡ್ಡದು ಹೆದರಿಕೆ. ಆ ಹೊತ್ತಿನಲ್ಲಿ ಒಂದ ಆಗಿಬಿಟ್ಟರೆ?

ನಮ್ಮ ಮನೆಯವರು ಹೊರಗೆ ಪಡಸಾಲೆಯಲ್ಲಿ ಮಲಗತೊಡಗಿದರು. ನನ್ನ ಮೈ ನೋಡಿ ಹೇಸಿಗೆ ಬಂದಿರಬೇಕು ಅಂತ ನಾನು ಒಳಗೆ ಅಳುತ್ತಿದ್ದೆ. ಎರಡು ವರ್ಷ ಹೀಗೇ. ಒಂದು ರಾತ್ರಿ ಕರೆಂಟ್ ಹೋಗಿತ್ತು. ನಾನು ಬೀಸಣಿಗೆ ಹಿಡಿದು ಪಡಸಾಲೆಗೆ ಹೋಗಿ ಕೂತೆ. ಕತ್ತಲಲ್ಲಿ ಕೇಳಿದೆ, ಯಾಕೆ ದೂರ ಮಲಗುತ್ತೀರಿ ಅಂತ. ಅವರು ಎಷ್ಟೋ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು, "ನಿದ್ದಿಗಣ್ಣಾಗ ನನ್ನ ಕೈಕಾಲು ಬಡದು ನಿನಗ ನೋವಾದೀತು ಅಂತ. ನೀ ಕರೀತಿ ಅಂತ ನಾ ಕಾಯಾಕತ್ತಿದ್ದೆ." ಒಂದು ಮಾತು ಕೇಳಲು ಎರಡು ವರ್ಷ ಹಿಡಿಯಿತು ನಮಗೆ.

ಚೆಕ್ ದೇಶದ ಪ್ರಾಗ್ ನಗರದ ಸಂಶೋಧಕರು ಮಯೋಸೈಟಿಸ್ ಇರುವ ಹೆಂಗಸರನ್ನು ಇದೇ ವಿಷಯಗಳನ್ನು ಕೇಳಿ ನೋಡಿದ್ದಾರೆ. ಆರೋಗ್ಯವಾಗಿರುವವರಿಗೆ ಹೋಲಿಸಿದರೆ ಇವರಿಗೆ ಕೂಡುವುದರ ತೊಂದರೆಯೂ ಜಾಸ್ತಿ, ಆ ಜೋಳಿಗೆಯ ಸ್ನಾಯುಗಳ ತೊಂದರೆಯೂ ಜಾಸ್ತಿ. ಅದನ್ನು ಓದಿದ ದಿನ ನನಗೆ ಆದ ಸಮಾಧಾನ ಹೇಳಲಾರೆ. ಪ್ರಾಗ್‌ನಲ್ಲಿ ಯಾರೋ ಒಬ್ಬಾಕೆ ನನ್ನ ಹಾಗೇ ಇದ್ದಾಳೆ.

ಏನು ಮಾಡಬಹುದು? ಬೂಸ್ಟು ಸೋಂಕಿಗೆ ಔಷಧಿ ಇದೆ, ಬೇಗ ಹೋಗುತ್ತದೆ. ಒಣಗುವುದಕ್ಕೆ ನೀರಿನಂಶದ ಜೆಲ್ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದರೆ ನಿರೋಧ್ ಹರಿಯುತ್ತದೆ, ನೆನಪಿರಲಿ. ಮುಂಚೆ ಒಂದಕ್ಕೆ ಹೋಗಿ ಬನ್ನಿ. ಮೊಣಕಾಲ ಕೆಳಗೆ ದಿಂಬೋ ಮಡಚಿದ ಕೌದಿಯೋ ಇಟ್ಟರೆ ತೊಡೆಗೆ ಭಾರ ಬೀಳುವುದಿಲ್ಲ. ರಾತ್ರಿಯೇ ಆಗಬೇಕು ಅಂತಿಲ್ಲ, ಮೈಯಲ್ಲಿ ಶಕ್ತಿ ಇರುವ ಹೊತ್ತು ನೋಡಿಕೊಳ್ಳಿ. ಬೇಡ ಅಂದರೆ ಬೇಡ ಅನ್ನುವ ಹಕ್ಕು ನಿಮಗಿದೆ. ಪಕ್ಕದಲ್ಲಿ ಕೈ ಹಿಡಿದು ಮಲಗುವುದೂ ಸಂಸಾರವೇ.

ಜೋಳಿಗೆಯ ಸ್ನಾಯುವಿಗೆ ವ್ಯಾಯಾಮ ಇದೆ. ಅಮೆರಿಕದ ಕೆಗೆಲ್ ಎಂಬ ಸ್ತ್ರೀರೋಗ ತಜ್ಞರು 1948ರಲ್ಲಿ ಇದರ ಬಗ್ಗೆ ಬರೆದರು, ಅವರ ಹೆಸರೇ ಉಳಿದಿದೆ. ಗಾಳಿ ಹೋಗದಂತೆ ತಡೆಯುತ್ತೇವಲ್ಲ, ಹಾಗೆ ಬಿಗಿ ಹಿಡಿದು ಮೇಲಕ್ಕೆ ಎಳೆದುಕೊಳ್ಳಬೇಕು. ಐದು ಎಣಿಸಿ ಬಿಡಬೇಕು. ಬಿಡುವಾಗ ಪೂರ್ತಿ ಬಿಡಬೇಕು. ಸಲಕ್ಕೆ 8ರಿಂದ 10, ದಿನಕ್ಕೆ ಮೂರು ಸಲ, ಕನಿಷ್ಠ 3 ತಿಂಗಳು. ಉಸಿರು ಕಟ್ಟಬಾರದು, ಹೊಟ್ಟೆ ಬಿಗಿ ಮಾಡಬಾರದು. ಕೆಮ್ಮು ಬರುತ್ತದೆ ಅನ್ನುವಾಗಲೇ ಒಮ್ಮೆ ಬಿಗಿ ಹಿಡಿದರೆ ಹನಿ ತಡೆಯುತ್ತದೆ. ಹಿಂದೆ ಮಯೋಸೈಟಿಸ್ ಇದ್ದವರು ವ್ಯಾಯಾಮ ಮಾಡಲೇಬಾರದು ಅನ್ನುತ್ತಿದ್ದರು. ಈಗ ಹಾಗಲ್ಲ, ಸರಿಯಾಗಿ ಮಾಡಿದರೆ ಒಳ್ಳೆಯದೇ ಅನ್ನುತ್ತಾರೆ. ಕೆಲವರಿಗೆ ಮಾತ್ರ ಈ ಸ್ನಾಯು ಸಡಿಲ ಇರುವುದಿಲ್ಲ, ಉಲ್ಟಾ ಬಿಗಿದುಕೊಂಡಿರುತ್ತದೆ. ಅವರಿಗೆ ಇದರಿಂದ ನೋವು ಜಾಸ್ತಿ. ಅದಕ್ಕೆ ಒಮ್ಮೆ ಫಿಸಿಯೋಥೆರಪಿಯವರ ಹತ್ತಿರ ತೋರಿಸಿಕೊಂಡು ಶುರು ಮಾಡಿ. ನನಗೆ ಎರಡನೇ ತಿಂಗಳಲ್ಲಿ ಫರಕು ಗೊತ್ತಾಯಿತು. ಪೂರ್ತಿ ಹೋಗಿಲ್ಲ. ಆದರೆ ಈಗ ನಗುತ್ತೇನೆ.

ಮನೆಯಲ್ಲಿ ಪಾಯಖಾನೆಗೆ ಕಮೋಡ್ ಕುರ್ಚಿ ತಂದೆವು, ಗೋಡೆಗೆ ಕಬ್ಬಿಣದ ಹಿಡಿಕೆ ಹಾಕಿಸಿದೆವು. ನಳ ಈಗ ಗಟ್ಟಿ ಇದೆ.

ಆಮೇಲೆ ಪ್ರಶ್ನೆಗಳು ಬಂದವು. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಮಕ್ಕಳ ಬಗ್ಗೆ ಕೇಳಿದಳು. ಈ ಕಾಯಿಲೆ ಇದ್ದವರಿಗೂ ಮಕ್ಕಳಾಗುತ್ತವೆ, ಆದರೆ ಕಾಯಿಲೆ ಹತೋಟಿಯಲ್ಲಿರುವಾಗ ಯೋಚಿಸಬೇಕು ಎಂದೆ. ಮೆಥೊಟ್ರೆಕ್ಸೇಟ್, ಮೈಕೊಫಿನೊಲೇಟ್ ಹೊಟ್ಟೆಯಲ್ಲಿರುವ ಕೂಸಿಗೆ ಕೆಡಕು. ಅವನ್ನು ಮೊದಲೇ ನಿಲ್ಲಿಸಿ ಬೇರೆ ಔಷಧಿಗೆ ಬದಲಾಯಿಸಬೇಕು, ಅದೂ ಡಾಕ್ಟರ್ ಹೇಳಿದ ಹಾಗೆ. ಅತ್ತೆ ಒತ್ತಾಯ ಮಾಡಿದರು ಅಂತ ಗುಳಿಗೆ ಕದ್ದು ಬಿಡಬೇಡ ಎಂದೆ. ಅವಳು ತಲೆ ತಗ್ಗಿಸಿದಳು. ಬಿಟ್ಟಿದ್ದಳು ಅಂತ ಕಾಣುತ್ತದೆ.

ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣುತ್ತಿದೆ ಎಂದು ಒಬ್ಬರು ಹೇಳಿದರು. ಅದು ಯಾರಿಗೇ ಆಗಲಿ, ತೋರಿಸಲೇಬೇಕು. ಡರ್ಮಟೊಮಯೋಸೈಟಿಸ್ ಇದ್ದರಂತೂ ಇನ್ನೂ ಬೇಗ. ದೊಡ್ಡವರಲ್ಲಿ ಈ ಕಾಯಿಲೆಯ ಜೊತೆ ಕೆಲವೊಮ್ಮೆ ಕ್ಯಾನ್ಸರ್ ಇರುತ್ತದೆ, ಅಂಡಾಶಯದ್ದೂ ಅದರಲ್ಲಿ ಒಂದು. ಮೊದಲ ಮೂರು ವರ್ಷದಲ್ಲಿ ಹೆಚ್ಚು ಎಚ್ಚರ ಬೇಕು. ಹೊಟ್ಟೆ ಉಬ್ಬರ ಹೋಗುತ್ತಿಲ್ಲ ಅಂದರೂ ಹೇಳಿ.

ಹಿಂದಿನ ಸಾಲಿನ ಅಣ್ಣ ನಿಧಾನಕ್ಕೆ ಎದ್ದು "ಗಂಡಸರಿಗೂ ಆಗ್ತದೇನ್ರೀ?" ಎಂದರು. ಆಗುತ್ತದೆ ಅಣ್ಣ. ಗಡಸುತನ ಬರದಿರುವುದು, ಆಸೆ ಕಡಿಮೆ ಆಗುವುದು. ಕಾಯಿಲೆಯಿಂದಲೂ ಇರಬಹುದು, ಸಕ್ಕರೆಯಿಂದಲೂ ಇರಬಹುದು, ಬಿಪಿ ಗುಳಿಗೆಯಿಂದಲೂ ಇರಬಹುದು. ಅಂಗಡಿಯಲ್ಲಿ ಸಿಗುವ ಶಕ್ತಿಮದ್ದು ತಗೊಳ್ಳಬೇಡಿ, ಡಾಕ್ಟರಿಗೇ ಹೇಳಿ ಎಂದೆ.

ಕೊನೆಗೆ ದೇವದುರ್ಗದ ಕಡೆಯ ಅವ್ವ ಒಬ್ಬರು ಕೇಳಿದರು: "ಡಾಕ್ಟರ್ ಗಂಡಸು ಇರ್ತಾನ. ಮಗ ಬಾಜೂಕ ನಿಂತಿರ್ತಾನ. ಹೆಂಗ ಹೇಳಬೇಕವ್ವಾ?" ನಾನು ಮಾಡಿದ್ದನ್ನೇ ಹೇಳಿದೆ. ಹೇಳಲು ಆಗದ ದಿನ ನಾನು ಒಂದು ಚೀಟಿಯಲ್ಲಿ ಬರೆದು, ಗುಳಿಗೆ ಚೀಟಿಯ ಜೊತೆ ಸೇರಿಸಿ ಟೇಬಲ್ ಮೇಲೆ ಸರಿಸಿದೆ. ಡಾಕ್ಟರ್ ಓದಿದರು. ನಮ್ಮ ಮನೆಯವರನ್ನು ಸ್ವಲ್ಪ ಹೊರಗೆ ಕೂರಲು ಹೇಳಿ, ನರ್ಸ್ ಅಕ್ಕನನ್ನು ಕರೆದರು. ಹತ್ತು ನಿಮಿಷ ಕೇಳಿಸಿಕೊಂಡರು. ನಾಲ್ಕು ವರ್ಷದಲ್ಲಿ ಅದೇ ಮೊದಲು.

"ನನಗ ಬರಿಯಾಕ ಬರಂಗಿಲ್ಲಲ್ಲವ್ವಾ" ಎಂದರು ಅವರು. ಸಭೆ ಮುಗಿದ ಮೇಲೆ ಕುರ್ಚಿ ಎಳೆದು ಪಕ್ಕ ಕೂರಿಸಿಕೊಂಡೆ. ನೋಟ್‌ಬುಕ್ಕಿನ ಒಂದು ಹಾಳೆ ಹರಿದೆ. ಅವರು ಹೇಳಿದರು, ನಾನು ಬರೆದೆ. ಕೆಮ್ಮಿದರ ಒಂದ ಆಗ್ತದ. ಕುಂತರ ಏಳಾಕ ಆಗಂಗಿಲ್ಲ. ಅಲ್ಲಿ ಉರೀತದ. ಐದು ವರ್ಷ ಆತು. ಯಾರಿಗೂ ಹೇಳಿಲ್ಲ.

ಕೊನೆಯ ಮಾತೂ ಬರೆಯಲಾ ಎಂದು ಕೇಳಿದೆ.

"ಅದನ್ನೂ ಬರಿಯವ್ವಾ" ಎಂದರು.